ಚಾಪೆ ಮೇಲೆ ಮೂವರು, ರೆಕ್ಕೆ ಇಬ್ಬರಿಗೆ: ಮಾವನ ಟ್ರಂಕಿನಲ್ಲಿ ಸಿಕ್ಕ ಈ ಚಿತ್ರ ಯಾವುದು?

ಗೋಡೆಗಡಿಯಾರ (ಮೈಸೂರು), ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ತೀರಿಕೊಂಡು ವರ್ಷವಾಯಿತು. ನಿನ್ನೆ ಅವರ ಟ್ರಂಕು ಖಾಲಿ ಮಾಡುತ್ತಿದ್ದಾಗ, ಸ್ವೆಟರುಗಳ ನಡುವೆ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಸಣ್ಣ ಫ್ರೇಮು ಸಿಕ್ಕಿತು. ಮಾವ 80ರ ದಶಕದಲ್ಲಿ ಕಂಪನಿ ಕಡೆಯಿಂದ ಟ್ರೇನಿಂಗಿಗೆ ಅಂತ ಆರು ತಿಂಗಳು ಹಾಲೆಂಡಿಗೆ ಹೋಗಿದ್ದರು. ಅಲ್ಲಿಂದ ತಂದಿದ್ದಿರಬೇಕು. ಗೋಡೆಗೆ ಹಾಕಿದ್ದನ್ನು ನಾನಂತೂ ನೋಡಿಲ್ಲ.

ಕಪ್ಪು ಬಿಳುಪು ಚಿತ್ರ, ಅಂಗೈಗಿಂತ ಸ್ವಲ್ಪ ದೊಡ್ಡದು. ಮನೆ ಬಾಗಿಲ ಮುಂದೆ ಮೂರು ಜನ ನೆಲದ ಮೇಲೆ ಕೂತಿದ್ದಾರೆ, ಮುಂದೆ ಊಟದ ತಟ್ಟೆ. ನಡುವೆ ಕೂತವರಿಗೆ ಉದ್ದನೆ ಬಿಳಿ ಗಡ್ಡ. ಅಕ್ಕಪಕ್ಕದ ಇಬ್ಬರಿಗೆ ರೆಕ್ಕೆ! ಇನ್ನೊಬ್ಬ ಮುದುಕ ಅವರಿಗಿಂತ ತಗ್ಗಿನಲ್ಲಿ, ಕೈಯಲ್ಲಿ ಹೂಜಿ ಹಿಡಿದು ಬಾಗಿದ್ದಾನೆ. ಬಾಗಿಲ ಹಿಂದೆ ಕತ್ತಲಲ್ಲಿ ಒಬ್ಬ ಹೆಂಗಸು. ಹಿಂದುಗಡೆ ಒಬ್ಬ ಹುಡುಗ, ನಮಗೆ ಬೆನ್ನು ಹಾಕಿ ಏನೋ ಮಾಡುತ್ತಿದ್ದಾನೆ. ಮೂಲೆಯಲ್ಲಿ ರೆಂಬ್ರಾಂಟ್ ಎಫ್ 1656 ಅಂತ ಗೀಚಿದ ಹಾಗಿದೆ.

ನನ್ನ ಹೆಂಡತಿ ನೋಡಿದ ಕೂಡಲೇ, "ಇವರು ಯಾರೋ ಮುಲ್ಲಾಗಳು ಊಟಕ್ಕೆ ಕೂತಂಗಿದೆ, ರೆಕ್ಕೆ ಯಾಕೆ ಬಂತು?" ಅಂದಳು. ಒಳಗಿನ ರೂಮಿನಿಂದ ಅಮ್ಮ, "ಏನೋ ಅದು, ಮಾರ್ತೀಯಾ?" ಅಂದರು. ಅವರಿಗೆ 84. ಕಿವಿ ಕೇಳಲ್ಲ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ.

ಇದು ಅಸಲಿಯೇ? ಬೆಲೆ ಬರುವಂಥದ್ದೇ? ಗೊತ್ತಿದ್ದವರು ಹೇಳಿ.

---

ಮಸಿಕೈ (ಬೆಂಗಳೂರು)

ಚಿತ್ರ ಯಾವುದು ಅನ್ನೋದನ್ನು ಬೇರೆಯವರು ಹೇಳುತ್ತಾರೆ. ಬೆಲೆ ವಿಷಯ ಮೊದಲು ಮುಗಿಸೋಣ, ಇಲ್ಲದಿದ್ದರೆ ನಿಮಗೆ ನಿದ್ದೆ ಬರಲ್ಲ.

ನಾಲ್ಕು ಕೆಲಸ ಮಾಡಿ. ಸ್ಕೇಲು ತಗೊಂಡು ಚಿತ್ರದ ಅಳತೆ ಹೇಳಿ, ಫ್ರೇಮಿನದ್ದಲ್ಲ. ಚಿತ್ರದ ಸುತ್ತ ಕಾಗದ ಒತ್ತಿ ತಗ್ಗಾದ ಅಂಚು ಇದೆಯಾ ನೋಡಿ. ಎಚಿಂಗು ಅಂದರೆ ಆಮ್ಲದಲ್ಲಿ ಕೊರೆದ ತಾಮ್ರದ ತಗಡಿನಿಂದ ತೆಗೆದ ಚಿತ್ರ. ಆ ತಗಡನ್ನು ಪ್ರೆಸ್ಸಿನಲ್ಲಿ ಎಳೆದಾಗ ಒದ್ದೆ ಕಾಗದದ ಮೇಲೆ ಅದರ ಅಂಚು ಕೂರುತ್ತೆ, ಇಸ್ತ್ರಿ ಮಾಡಿದರೂ ಹೋಗಲ್ಲ. ಆಮೇಲೆ ಲೈಟನ್ನು ಪಕ್ಕದಿಂದ ಬಿಟ್ಟು ನೋಡಿ, ಎಚಿಂಗಿನಲ್ಲಿ ಮಸಿ ಕಾಗದದ ಮೇಲೆ ಚೂರು ಉಬ್ಬಿ ನಿಂತಿರುತ್ತೆ, ರಂಗೋಲಿ ಎಳೆಯ ಹಾಗೆ. ಕೊನೆಯದಾಗಿ ಒಂದು ಭೂತಗನ್ನಡಿ ಹಿಡಿಯಿರಿ. ಗೆರೆಯ ಬದಲು ಚುಕ್ಕಿಚುಕ್ಕಿ ಕಂಡರೆ ಆಫ್‌ಸೆಟ್ಟು, ಅಂದರೆ ಯಂತ್ರದಲ್ಲಿ ಅಚ್ಚು ಹಾಕಿದ ನಕಲು, ಅಲ್ಲಿಗೆ ಮುಗೀತು.

---

ಧಾರವಾಡಪೇಡೆ

ಗಡಿಯಾರದವ್ರ, ಅಮ್ಮಾರ ಕಿವಿ ಬಗ್ಗೆ ಡಾಕ್ಟರ್ ಬರದದ್ದು ಖೊಟ್ಟಿ ಐತಿ. ಚಿತ್ರ ಅಸಲಿ ಐತಿ. ಇಷ್ಟ ನನ್ನ ಅಭಿಪ್ರಾಯ.

---

ಕಡಲತಡಿ (ಮಂಗಳೂರು)

ಇದು 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ "ದೇವದೂತರನ್ನು ಉಪಚರಿಸುತ್ತಿರುವ ಅಬ್ರಹಾಮ". ಆದಿಕಾಂಡದ 18ನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು, ಆದರೆ ಅಲ್ಲಿ ಗೋಡೆಗೆ ಹಾಕಿದ್ದ ಬಣ್ಣದ ಕ್ಯಾಲೆಂಡರಿನಲ್ಲಿ ಮೂವರೂ ಗುಂಗುರು ಕೂದಲಿನ ಚಂದದ ಹುಡುಗರು.

ಕತೆ ಗೊತ್ತಿಲ್ಲದವರಿಗೆ: ಮಮ್ರೆಯ ಮರಗಳ ಹತ್ತಿರ, ಮಟಮಟ ಮಧ್ಯಾಹ್ನ, ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ. ತಲೆ ಎತ್ತಿದರೆ ಮೂವರು ನಿಂತಿದ್ದಾರೆ, ಒಬ್ಬ ದೇವರೇ, ಉಳಿದಿಬ್ಬರು ದೂತರು. ಓಡಿಹೋಗಿ ಬಗ್ಗಿ ನಮಸ್ಕರಿಸುತ್ತಾನೆ, ಕಾಲು ತೊಳೆಯಲು ನೀರು ತರಿಸುತ್ತಾನೆ, "ಒಂದು ತುತ್ತು ರೊಟ್ಟಿ" ಅಂತ ಬಾಯಲ್ಲಿ ಹೇಳಿ ಒಳಗೆ ಹೋಗಿ ಮೂರು ಅಳತೆ ಹಿಟ್ಟು ನಾದಿಸುತ್ತಾನೆ, ಎಳೆಗರು ಕಡಿಸುತ್ತಾನೆ, ಹಾಲು ಮೊಸರು ಇಡುತ್ತಾನೆ. ಅವರು ಉಣ್ಣುವಾಗ ತಾನು ಪಕ್ಕದಲ್ಲಿ ನಿಂತೇ ಇರುತ್ತಾನೆ. ಆಗ ಬಂದವರು ಹೇಳುವುದು: ಬರುವ ವರ್ಷ ಇಷ್ಟೊತ್ತಿಗೆ ನಿನ್ನ ಹೆಂಡತಿ ಸಾರಳಿಗೆ ಮಗ. ಅಬ್ರಹಾಮನಿಗೆ ಆಗ 99, ಸಾರಳಿಗೆ 90ರ ಹತ್ತಿರ. ಬಾಗಿಲ ಹಿಂದೆ ಕೇಳಿಸಿಕೊಳ್ಳುತ್ತಿದ್ದ ಸಾರಳು ಒಳಗೊಳಗೇ ನಗುತ್ತಾಳೆ. "ಯಾಕೆ ನಕ್ಕಳು?" ಅಂತ ಕೇಳಿದರೆ ಹೆದರಿ, "ನಾನು ನಗಲಿಲ್ಲ" ಅನ್ನುತ್ತಾಳೆ. "ಇಲ್ಲ, ನಕ್ಕೆ" ಅಂತ ಉತ್ತರ. ಹುಟ್ಟಿದ ಮಗನ ಹೆಸರು ಇಸಾಕ. ಆ ಹೆಸರಿನಲ್ಲೇ ನಗು ಇದೆ.

ಬಾಗಿಲ ಹಿಂದಿನ ಹೆಂಗಸು ಸಾರಳು. ಹೂಜಿ ಹಿಡಿದವ ಅಬ್ರಹಾಮ. ಬೈಬಲಿನಲ್ಲಿ ಗುಡಾರ, ರೆಂಬ್ರಾಂಟ್ ಕಟ್ಟಿದ್ದು ಕಲ್ಲಿನ ಮನೆ. ಇದಕ್ಕೆಲ್ಲ ಅವನು ತಲೆಕೆಡಿಸಿಕೊಂಡವನಲ್ಲ.

---

ಧಾರವಾಡಪೇಡೆ

ಹೂಜಿಯೊಳಗ ಮಜ್ಜಗಿ ಇರಬೇಕ್ರಿ. ಮಧ್ಯಾಹ್ನದ ಬಿಸಲಿಗೆ ಮತ್ತೇನ್ ಕೊಡ್ತಾರ.

---

ಗೋಡೆಗಡಿಯಾರ

ಮಸಿಕೈ ಅವರೇ, ಅಳತೆ 16 ಸೆಂಟಿಮೀಟರ್ ಎತ್ತರ, 13 ಅಗಲ. ಒತ್ತಿದ ಅಂಚು ಇಲ್ಲ. ಪಕ್ಕದ ಬೀದಿಯ ಆಚಾರರ ಹತ್ತಿರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇತ್ತು. ಅವರೇ ನೋಡಿ, "ಸ್ವಾಮಿ, ಎಲ್ಲಾ ಸಾಸಿವೆ ಕಾಳು" ಅಂದರು. ಚುಕ್ಕಿ. ಮುಗೀತು.

---

ಮಸಿಕೈ

ಹೌದು, ಮುಗೀತು. ಆದರೆ ಬೇಜಾರು ಬೇಡ. ಅಳತೆ ಮೂಲದ್ದೇ ಇದೆ, ಅಂದರೆ ಯಾರೋ ಅಚ್ಚುಕಟ್ಟಾಗಿ ಮೂಲ ಗಾತ್ರದಲ್ಲೇ ಮುದ್ರಿಸಿದ್ದಾರೆ. ಸಂಗ್ರಹಾಲಯಗಳ ಅಂಗಡಿಯಲ್ಲಿ ಇಂಥವು ಸಿಗುತ್ತವೆ.

ನಿಮ್ಮದು ಎಷ್ಟೋ ವಾಸಿ. ನಾನು ಕಲಿಯುವಾಗ ಸ್ಕಾಲರ್‌ಶಿಪ್ಪಿನ ದುಡ್ಡು ಕೂಡಿಟ್ಟು ಆನ್‌ಲೈನಿನಲ್ಲಿ ಒಬ್ಬ ವ್ಯಾಪಾರಿಯಿಂದ "ಅಸಲಿ ರೆಂಬ್ರಾಂಟ್" ತರಿಸಿಕೊಂಡಿದ್ದೆ. ಅಂಚೂ ಇತ್ತು, ಮಸಿಯೂ ಉಬ್ಬಿತ್ತು, ಚುಕ್ಕಿ ಇರಲಿಲ್ಲ. ಎರಡು ವರ್ಷ ಹಾಸಿಗೆ ಮೇಲುಗಡೆ ತೂಗುಹಾಕಿಕೊಂಡು ಮಲಗಿದ್ದೇನೆ. ಆಮೇಲೆ ಒಬ್ಬ ಗೆಳೆಯ ಫ್ರೇಮು ಬಿಚ್ಚಿಸಿ ಹಿಂಬದಿ ತೋರಿಸಿದ: ಕೆಂಪು ಮುದ್ರೆಯೊಂದನ್ನು ಬ್ಲೇಡಿನಲ್ಲಿ ಕೆರೆದಿದ್ದರು. 19ನೇ ಶತಮಾನದಲ್ಲಿ ಪ್ಯಾರಿಸಿನ ಅಮಾನ್ ಡ್ಯುರಾನ್ ಎಂಬಾತ ರೆಂಬ್ರಾಂಟನ ಎಚಿಂಗುಗಳನ್ನು ಫೋಟೊ ಹಿಡಿದು, ಅದರಿಂದ ತಾಮ್ರದ ತಗಡು ಮಾಡಿ, ಮತ್ತೆ ಪ್ರೆಸ್ಸಿನಲ್ಲೇ ಎಳೆಯುತ್ತಿದ್ದ. ಬಹಳ ಚೆಂದದ ಕೆಲಸ. ಅವನು ಮೋಸಗಾರನಲ್ಲ, ಹಿಂದೆ ತನ್ನ ಮುದ್ರೆ ಒತ್ತುತ್ತಿದ್ದ. ಕೆರೆದವರು ಆಮೇಲಿನವರು. ಹಾಗಾಗಿ ಅಂಚು ಇದೆ ಅಂದಕೂಡಲೇ ಹಾರಾಡಬೇಡಿ ಅಂತ ಉಳಿದವರಿಗೂ ಒಂದು ಮಾತು.

ಫ್ರೇಮಿನ ಹಿಂದೆ ಕಂದು ಕಾಗದ ಅಂಟಿಸಿದ್ದರೆ ನಿಧಾನಕ್ಕೆ ಬಿಚ್ಚಿ, ಹಳೇ ರಟ್ಟು ಆಮ್ಲ ಬಿಟ್ಟು ಚಿತ್ರವನ್ನೇ ತಿನ್ನುತ್ತೆ. ಹೊಸದು ಹಾಕಿಸಿ.

---

ಹೊಳೆದಂಡೆ (ಲೈಡನ್)

ತಡವಾಗಿ ನೋಡಿದೆ. ಗೋಡೆಗಡಿಯಾರ ಅವರ ಮನೆಯವರಿಗೆ ಒಂದು ದೊಡ್ಡ ನಮಸ್ಕಾರ. "ಮುಲ್ಲಾಗಳು ಊಟಕ್ಕೆ ಕೂತಂಗಿದೆ" ಎಂದರಲ್ಲ, ಅದು ಸರಿಯಾದ ಉತ್ತರ.

ತಮಾಷೆಯಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟನ ಕೈಯ ಒಂದು ರೇಖಾಚಿತ್ರ ಇದೆ: ಮರದ ಕೆಳಗೆ ಕೂತ ನಾಲ್ವರು ಮುಲ್ಲಾಗಳು. ಕಂದು ಮಸಿ, ಜಪಾನಿ ಕಾಗದ. ಅದು ಅವನ ಕಲ್ಪನೆಯದ್ದಲ್ಲ. ನಮ್ಮ ಕಡೆಯ, ಅಂದರೆ ಮೊಘಲ್ ಆಸ್ಥಾನದ ಒಂದು ಕಿರುಚಿತ್ರವನ್ನು ಎದುರಿಗಿಟ್ಟುಕೊಂಡು ಮಾಡಿದ್ದು. ಇಂಥ ಮೊಘಲ್ ಪ್ರತಿಗಳು ಅವನ ಕೈಯವು ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಜಹಾಂಗೀರ, ಷಾಜಹಾನ ಎಲ್ಲರೂ ಅದರಲ್ಲಿದ್ದಾರೆ. ಬೇರೆಯವರ ಚಿತ್ರವನ್ನು ಅವನು ಇಷ್ಟು ಶಿಸ್ತಾಗಿ, ಇಷ್ಟು ಸಂಖ್ಯೆಯಲ್ಲಿ ನಕಲು ಮಾಡಿದ್ದು ಇನ್ನೆಲ್ಲೂ ಇಲ್ಲ. ಆ ಮುಲ್ಲಾಗಳ ಮೊಘಲ್ ಚಿತ್ರ ಈಗ ವಿಯೆನ್ನಾದ ಶ್ಯೋನ್‌ಬ್ರುನ್ ಅರಮನೆಯಲ್ಲಿದೆ. 18ನೇ ಶತಮಾನದಲ್ಲಿ ಮಾರಿಯಾ ತೆರೇಸಾ ರಾಣಿಯ ಕಾಲದಲ್ಲಿ ಅಲ್ಲಿನ ಒಂದು ಕೋಣೆಯ ಮರದ ಗೋಡೆಗೆ ಮೊಘಲ್ ಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಕನ್ನಡಿ ಬಿಲ್ಲೆಗಳ ಹಾಗೆ ಕೂರಿಸಿದರು. ರೆಂಬ್ರಾಂಟನ ಕಣ್ಣಮುಂದಿದ್ದದ್ದು ಅದೇ ಹಾಳೆಯೋ, ಅದರ ಜೋಡಿಯೋ ಎಂದು ವಾದ ಮಾಡುವವರು ಮಾಡಲಿ. ನಿಮ್ಮ ಚಿತ್ರದವರು ಕೂತ ಭಂಗಿ ಮಾತ್ರ ಅಲ್ಲಿಂದಲೇ ಬಂದದ್ದು.

ಯುರೋಪಿನ ಚಿತ್ರಗಳಲ್ಲಿ ಈ ದೃಶ್ಯಕ್ಕೆ ಸಾಮಾನ್ಯವಾಗಿ ಮೇಜು ಹಾಕುತ್ತಾರೆ. ರಷ್ಯಾದ ಆಂದ್ರೇ ರುಬ್ಲ್ಯೋವನ "ತ್ರಿತ್ವ" ಕೂಡ ಇದೇ ಕತೆ, ಅಲ್ಲಿ ಅಬ್ರಹಾಮ ಸಾರಳನ್ನು ಚಿತ್ರದಿಂದ ತೆಗೆದೇಬಿಟ್ಟು ಮೂವರು ದೂತರನ್ನು ಮೇಜಿನ ಸುತ್ತ ಕೂರಿಸಿದ್ದಾನೆ. ರೆಂಬ್ರಾಂಟನೇ 1646ರಲ್ಲಿ ಇದನ್ನು ಸಣ್ಣ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಮಾಡಿದ್ದ. ಅದರಲ್ಲಿ ದೇವರು ರೆಕ್ಕೆ ಬಿಚ್ಚಿ, ಮೈಯಿಂದಲೇ ಬೆಳಕು ಸೂಸುತ್ತಾ ಕೂತಿದ್ದಾನೆ. ಹತ್ತು ವರ್ಷದ ಮೇಲೆ ಅದೇ ದೇವರು ಒಂದು ಹಾಸಿನ ಮೇಲೆ ಕಾಲು ಮಡಚಿ ಕೂತು, ಊರಗೌಡನ ಹಾಗೆ ಮಾತಾಡುತ್ತಿದ್ದಾನೆ. ಬೆಳಕೂ ಇಲ್ಲ, ಪ್ರಭಾವಳಿಯೂ ಇಲ್ಲ. ನಡುವೆ ಆದದ್ದು ಆ ಮೊಘಲ್ ಚಿತ್ರ.

---

ಧಾರವಾಡಪೇಡೆ

ಹಂಗಾದ್ರ ನಮ್ಮ ಬಿಜಾಪುರದ ಆದಿಲ್‌ಶಾಹಿ ಚಿತ್ರಾನೂ ಅವನ ಕೈಗೆ ಸಿಕ್ಕಿರಬೇಕಲ್ರಿ? ಹೂಂ ಅನ್ರಿ, ಊರಿಗೆ ಫೋನ್ ಹಚ್ಚತೀನಿ.

---

ಹೊಳೆದಂಡೆ

ಫೋನ್ ಇಡಿ. ಆ ಪ್ರತಿಗಳಲ್ಲಿ "ದಖನಿ ಸರದಾರ" ಅಂತ ಗುರುತಿಸಿರುವ ಒಂದು ನಿಂತ ಚಿತ್ರ ಇದೆ, ಅಲ್ಲಿಗೆ ತೃಪ್ತಿಪಡಿ. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೂರತ್ತಿನಲ್ಲಿ ದೊಡ್ಡ ಕೋಠಿ ಇತ್ತು, ಚಿತ್ರಗಳು ಅಂಥ ದಾರಿಯಲ್ಲೇ ಆಮ್‌ಸ್ಟರ್‌ಡ್ಯಾಮಿಗೆ ಬಂದಿರಬೇಕು. ನಮ್ಮ ಕರಾವಳಿಯ ಬಸರೂರಿನಲ್ಲೂ ಅದೇ ಕಂಪನಿ ಇತ್ತು, ಕೆಳದಿ ನಾಯಕರ ಜೊತೆ ಜಗಳ ಆಡಿಕೊಂಡು ಅಕ್ಕಿ, ಮೆಣಸು ಕೊಳ್ಳುತ್ತಿತ್ತು. ಅಲ್ಲಿಂದ ಹೋದದ್ದು ಮೂಟೆ, ಚಿತ್ರ ಅಲ್ಲ.

---

ಮಸಿಕೈ

ಒಂದು ತಕರಾರು. ಆ ಮೊಘಲ್ ಪ್ರತಿಗಳನ್ನು 1656ರಿಂದ 61ರ ಒಳಗೆ ಅಂತ ಹಾಕುತ್ತಾರೆ. ಎಚಿಂಗಿನ ಮೇಲೆ 1656 ಅಂತ ಅವನೇ ಕೊರೆದಿದ್ದಾನೆ. ಎಚಿಂಗು ಮೊದಲು, ಪ್ರತಿ ಆಮೇಲೆ ಯಾಕಾಗಿರಬಾರದು? "ಅಲ್ಲಿಂದಲೇ ಬಂದದ್ದು" ಅಂತ ಗುದ್ದಿ ಹೇಳೋದು ಹೇಗೆ?

---

ಹೊಳೆದಂಡೆ

ಒಳ್ಳೇ ಪ್ರಶ್ನೆ, ಗುದ್ದಿದ್ದು ಜಾಸ್ತಿಯಾಯಿತು. ಪ್ರತಿ ಯಾವ ದಿನ ಮಾಡಿದ ಅನ್ನೋದು ಬೇರೆ, ಚಿತ್ರ ಯಾವಾಗಿನಿಂದ ನೋಡುತ್ತಿದ್ದ ಅನ್ನೋದು ಬೇರೆ. 1656ರ ಜುಲೈನಲ್ಲಿ ಅವನು ದಿವಾಳಿ ಅರ್ಜಿ ಹಾಕಿದ. 1639ರಲ್ಲಿ 13,000 ಗಿಲ್ಡರಿಗೆ ಕೊಂಡ ಮನೆ, ಸಾಲ ತೀರಿಸಲಾಗಲಿಲ್ಲ. ಅಧಿಕಾರಿಗಳು ಬಂದು ಕೋಣೆ ಕೋಣೆ ಹೊಕ್ಕು ಪಟ್ಟಿ ಮಾಡಿದರು, ಒಟ್ಟು 363 ನಮೂದು. ಶಂಖ, ಹವಳ, ಶಿರಸ್ತ್ರಾಣ, ದಿಂಬು, ಒಗೆಯಲು ಕೊಟ್ಟ ಬಟ್ಟೆ. ಅದರ ನಡುವೆ ಒಂದು ಪುಸ್ತಕ: "ಕುತೂಹಲದ ಕಿರುಚಿತ್ರಗಳು", ಜೊತೆಗೆ ನಾನಾ ದೇಶದ ಉಡುಪುಗಳ ಮುದ್ರಣಗಳು. ಅದು ನಮ್ಮ ಮೊಘಲ್ ಚಿತ್ರಗಳೇ ಎಂದು ಹಲವರ ಊಹೆ. ಊಹೆ ಸರಿಯಿದ್ದರೆ ಎಚಿಂಗು ಮಾಡಿದ ವರ್ಷ ಆ ಪುಸ್ತಕ ಅವನ ಮನೆಯಲ್ಲೇ ಇತ್ತು.

ಮನೆಯ ದಿಂಬು ಲೆಕ್ಕ ಹಾಕುತ್ತಿದ್ದ ವರ್ಷದಲ್ಲಿ ಅವನು ಬಾಗಿಲಿಗೆ ಬಂದ ಅತಿಥಿಗಳ ಚಿತ್ರ ಕೊರೆದ. ನನಗೆ ಇದನ್ನು ಮರೆತು ಆ ಚಿತ್ರ ನೋಡಲು ಆಗುವುದಿಲ್ಲ.

---

ಉಳ್ಳಾಲದವ

ನಾನು ಇಲ್ಲಿ ಸುಮ್ಮನೆ ಓದುವವ, ಇವತ್ತು ಬರೆಯಬೇಕು ಅನಿಸಿತು. ಇಬ್ರಾಹೀಮರ ಅತಿಥಿಗಳ ಕತೆ ಕುರಾನಿನಲ್ಲೂ ಉಂಟು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹುರಿದ ಕರುವನ್ನು ತಂದಿಟ್ಟರೂ ಅತಿಥಿಗಳ ಕೈ ಅದರ ಕಡೆಗೆ ಹೋಗುವುದಿಲ್ಲ. ಇಬ್ರಾಹೀಮರಿಗೆ ಒಳಗೊಳಗೇ ಭಯ. ಉಣ್ಣದ ಅತಿಥಿ ಅಂದರೆ ಏನೋ ಕೇಡು ಅಲ್ಲವಾ ಮಾರಾಯ್ರೆ. ಆಗ ಅವರು "ಹೆದರಬೇಡ" ಅಂತ ತಾವು ಯಾರು ಎಂದು ಹೇಳುತ್ತಾರೆ. ಪತ್ನಿ ನಗುವುದು ಅಲ್ಲಿಯೂ ಉಂಟು.

ನನ್ನ ಪ್ರಶ್ನೆ ಹಿಂದೆ ಬೆನ್ನು ಹಾಕಿ ನಿಂತ ಹುಡುಗನದ್ದು. ಕೈಯಲ್ಲಿ ಬಿಲ್ಲು ಉಂಟಾ? ಉಂಟಾದರೆ ಅವರು ಇಬ್ರಾಹೀಮರ ದೊಡ್ಡ ಮಗ ಇಸ್ಮಾಯೀಲರೇ. ನಮ್ಮಲ್ಲಿ ಅವರು ಪ್ರವಾದಿ. "ಬಾಣ ಬಿಡಿರಿ, ನಿಮ್ಮ ಮೂಲಪುರುಷ ಇಸ್ಮಾಯೀಲರೂ ಬಿಲ್ಲುಗಾರರಾಗಿದ್ದರು" ಅಂತ ಪ್ರವಾದಿ ಮುಹಮ್ಮದರ ಮಾತು ಹದೀಸಿನಲ್ಲಿ ಬರುತ್ತದೆ.

---

ಗೋಡೆಗಡಿಯಾರ

ಇದೆ! ನಾನು ಕಂಬಿ ಅಂದುಕೊಂಡಿದ್ದೆ. ಮಗಳು ಕೈಯಿಂದ ಕಸಿದುಕೊಂಡು ನೋಡಿ "ಅಪ್ಪಾ, ಬಿಲ್ಲು" ಅಂದಳು. ಗೋಡೆಯಾಚೆ ಬಗ್ಗಿ ಯಾವುದಕ್ಕೋ ಗುರಿ ಇಡುತ್ತಿದ್ದಾನೆ. ಆದರೆ ಮನೆಗೆ ಇಷ್ಟು ದೊಡ್ಡ ಅತಿಥಿಗಳು ಬಂದಿರುವಾಗ ಅವನು ತಿರುಗಿಯೂ ನೋಡಿಲ್ಲ ಯಾಕೆ ಅಂತ ಅವಳ ಪ್ರಶ್ನೆ. ಉತ್ತರ ಗೊತ್ತಿಲ್ಲದ್ದಕ್ಕೆ "ಹೋಮ್‌ವರ್ಕ್ ಮಾಡು ಹೋಗು" ಅಂದೆ.

---

ಮಸಿಕೈ

ಚಿತ್ರ ಮಾಡುವವನ ಕಡೆಯಿಂದ ಹೇಳ್ತೀನಿ, ಭಾವುಕತೆ ಬೇಡ. ಮುಂದೆ ನಾಲ್ಕು ದೊಡ್ಡ ಆಕೃತಿ ಒತ್ತೊತ್ತಾಗಿ ಕೂತಿವೆ. ಹಿಂದೆ ಏನಾದರೂ ಚಿಕ್ಕದು ಇಡದಿದ್ದರೆ ಕಣ್ಣು ಹೊರಗೆ ಹೋಗಲ್ಲ, ಚಿತ್ರ ಉಸಿರುಗಟ್ಟುತ್ತೆ. ಬೆನ್ನು ಹಾಕಿದ ಹುಡುಗನ ಹಿಂದೆಯೇ ನಮ್ಮ ಕಣ್ಣೂ ಗೋಡೆಯಾಚೆ ಹೋಗುತ್ತೆ. ಅಷ್ಟೇ ವಿಷಯ.

ಅದಕ್ಕಿಂತ ಅವನು ಸೂಜಿ ಹಿಡಿದದ್ದು ನೋಡಿ. ಮೊದಲು ತಗಡಿಗೆ ಮೇಣ, ರಾಳ ಕಾಯಿಸಿ ಬಳಿಯುತ್ತಾರೆ, ಅದರ ಮೇಲೆ ಸೂಜಿಯಲ್ಲಿ ಬರೆದರೆ ಮೇಣ ಕಿತ್ತು ತಾಮ್ರ ಮಿಂಚುತ್ತೆ, ಆಮ್ಲಕ್ಕೆ ಇಳಿಸಿದರೆ ಮಿಂಚಿದ ಜಾಗ ಮಾತ್ರ ತಿನ್ನುತ್ತೆ. ಇದು ಎಚಿಂಗು. ಆಮೇಲೆ ಕೆಲವು ಕಡೆ ಆಮ್ಲ ಇಲ್ಲದೆ ನೇರವಾಗಿ ತಾಮ್ರವನ್ನೇ ಉಗುರಿನಲ್ಲಿ ಗೀರಿದ ಹಾಗೆ ಗೀರಿದ್ದಾನೆ, ಅದು ಡ್ರೈಪಾಯಿಂಟ್. ನೇಗಿಲು ಎಳೆದರೆ ಸಾಲಿನ ಪಕ್ಕ ಮಣ್ಣು ಏಳುತ್ತಲ್ಲ, ಹಾಗೆ ಗೀರಿನ ಪಕ್ಕ ತಾಮ್ರದ ಸಿಬರು ಏಳುತ್ತೆ. ಅದು ಮಸಿ ಹಿಡಿದುಕೊಂಡು ಕಾಗದದ ಮೇಲೆ ಮಖಮಲ್ಲಿನ ಹಾಗೆ ಬೀಳುತ್ತೆ. ಕೆಲವೇ ಪ್ರತಿ ಎಳೆಯುವಷ್ಟರಲ್ಲಿ ಸಿಬರು ಸವೆದು ಹೋಗುತ್ತೆ. ಹಾಗಾಗಿ ಮೊದಮೊದಲ ಪ್ರತಿಗೂ ಕೊನೆಯದಕ್ಕೂ ಅಜಗಜಾಂತರ.

ಇನ್ನೊಂದು: ಸಹಿ ನೆಟ್ಟಗೆ ಓದಬಹುದು ಅಂದರೆ ತಗಡಿನ ಮೇಲೆ ಅವನು ಉಲ್ಟಾ ಬರೆದಿದ್ದಾನೆ. ಎಫ್ ಅಂದರೆ ಫೆಕಿಟ್, "ಮಾಡಿದ" ಅಂತ ಲ್ಯಾಟಿನ್ನಿನಲ್ಲಿ. ನನ್ನ ವಿದ್ಯಾರ್ಥಿಗಳು ಸತುವಿನ ತಗಡಿನ ಮೇಲೆ ತಮ್ಮ ಹೆಸರನ್ನು ಉಲ್ಟಾ ಬರೆಯಲು ಹೋಗಿ ಒತ್ತಕ್ಷರ ಮೇಲೆ ಹಾಕಿಬಿಡುತ್ತಾರೆ.

---

ಕಡಲತಡಿ

"ಅಷ್ಟೇ ವಿಷಯ" ಅಂದಿರಲ್ಲ, ಒಪ್ಪಲಾರೆ. ಕಣ್ಣು ಹೊರಗೆ ಹೋಗಲು ಒಂದು ಮರ ಸಾಕಿತ್ತು, ಹಕ್ಕಿ ಸಾಕಿತ್ತು. 18ನೇ ಅಧ್ಯಾಯದಲ್ಲಿ ಇಷ್ಮಾಯೇಲನ ಹೆಸರೇ ಬರುವುದಿಲ್ಲ. ಅವನನ್ನು ಕರೆತಂದು ನಿಲ್ಲಿಸಿದ್ದು ರೆಂಬ್ರಾಂಟ್.

ಅವನ ವಯಸ್ಸು ನೋಡಿ. ಹಿಂದಿನ ಅಧ್ಯಾಯದಲ್ಲಿ 13. ದಾಸಿ ಹಾಗರಳಲ್ಲಿ ಹುಟ್ಟಿದ ಮಗ, ಅಲ್ಲಿಯವರೆಗೆ ಮನೆಗೆ ಒಬ್ಬನೇ ಮಗ. ಇಲ್ಲಿ ಹಾಸಿನ ಮೇಲೆ ಕೂತ ಮುದುಕ ಹೇಳುತ್ತಿರುವುದು ಏನು? ಸಾರಳಿಗೆ ಮಗ ಹುಟ್ಟುತ್ತಾನೆ ಅಂತ. ಆ ಮಾತು ನಿಜವಾದ ದಿನ ಹಿಂದೆ ನಿಂತ ಹುಡುಗನ ಜಾಗ ಹೋಯಿತು. ಇಸಾಕ ಹುಟ್ಟಿ, ಹಾಲು ಬಿಟ್ಟ ಮೇಲೆ, ತಾಯಿ ಮಗ ಇಬ್ಬರನ್ನೂ ರೊಟ್ಟಿ, ನೀರಿನ ತಿತ್ತಿ ಕೊಟ್ಟು ಹೊರಗೆ ಹಾಕುತ್ತಾರೆ. ಬೇರ್ಷೆಬದ ಕಾಡಿನಲ್ಲಿ ನೀರು ಮುಗಿದಾಗ ಹಾಗರಳು ಮಗನನ್ನು ಪೊದೆಯ ಕೆಳಗೆ ಬಿಟ್ಟು, ಅವನು ಸಾಯುವುದನ್ನು ನೋಡಲಾರೆ ಅಂತ ದೂರ ಹೋಗಿ ಕೂರುತ್ತಾಳೆ. ಎಷ್ಟು ದೂರ? ಬೈಬಲು ಹೇಳುವುದು: ಬಾಣ ಎಸೆಯುವಷ್ಟು ದೂರ. ಆಮೇಲೆ ಅವನು ಬದುಕುತ್ತಾನೆ, ಬಿಲ್ಲುಗಾರನಾಗುತ್ತಾನೆ.

ಈಗ 1637ರ ರೆಂಬ್ರಾಂಟನ ಇನ್ನೊಂದು ಸಣ್ಣ ಎಚಿಂಗು ಹುಡುಕಿ ನೋಡಿ, "ಹಾಗರ್ ಮತ್ತು ಇಷ್ಮಾಯೇಲರನ್ನು ಹೊರಗಟ್ಟುವ ಅಬ್ರಹಾಮ". ಮೆಟ್ಟಿಲ ಮೇಲೆ ಅಬ್ರಹಾಮ ಎರಡೂ ಕೈ ಚಾಚಿ, ಒಂದು ಒಳಗೆ ಒಂದು ಹೊರಗೆ ಅನ್ನುವ ಹಾಗೆ ನಿಂತಿದ್ದಾನೆ. ಹಾಗರಳು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಕಿಟಕಿಯಲ್ಲಿ ಸಾರಳ ಮುಖ, ನಗು ಅಲ್ಲೂ ಇದೆ, ಬೇರೆ ನಗು. ಬಾಗಿಲ ಸಂದಿಯಲ್ಲಿ ಚಿಕ್ಕ ಇಸಾಕ. ಇಷ್ಮಾಯೇಲ? ನಮಗೆ ಬೆನ್ನು ಹಾಕಿ ಹೊರಟಿದ್ದಾನೆ.

ಎರಡಕ್ಕೂ 19 ವರ್ಷದ ಅಂತರ. ಎರಡರಲ್ಲೂ ಆ ಹುಡುಗನ ಮುಖ ತೋರಿಸಿಲ್ಲ. ಮಸಿಕೈ ಅವರೇ, ಇದೂ ಕಣ್ಣಿಗೆ ದಾರಿಯಾ?

---

ಮಸಿಕೈ

1637ರದ್ದನ್ನು ಈಗ ತೆಗೆದು ನೋಡಿದೆ. ಸರಿ. ಸೋತೆ. ಅರ್ಧ ಸೋತೆ. ಅವನ ಬೆನ್ನು ಕಣ್ಣಿಗೆ ದಾರಿಯೂ ಹೌದು. ಒಳ್ಳೇ ಕೆಲಸಗಾರ ಒಂದೇ ಗೆರೆಯಲ್ಲಿ ಎರಡು ಕೆಲಸ ಮಾಡಿಸುತ್ತಾನೆ.

---

ಉಳ್ಳಾಲದವ

ಆ ಕಾಡಿನ ಭಾಗ ನಮ್ಮಲ್ಲಿ ಮಕ್ಕಾದ ಕಣಿವೆ. ಹಾಜರಾ, ಅಂದರೆ ನಿಮ್ಮ ಹಾಗರಳು, ನೀರಿಗಾಗಿ ಎರಡು ಗುಡ್ಡಗಳ ನಡುವೆ ಓಡಿದ್ದು, ಝಮ್‌ಝಮ್ ಬುಗ್ಗೆ ಉಕ್ಕಿದ್ದು. ಹಜ್ಜಿಗೆ ಹೋದವರೆಲ್ಲ ಇವತ್ತಿಗೂ ಆ ಓಟ ಓಡುತ್ತಾರೆ. ಹಾಗಾಗಿ ನಾನು ಈ ಚಿತ್ರ ನೋಡಿದರೆ ಹಿಂದೆ ನಿಂತ ಹುಡುಗನೇ ಮೊದಲು ಕಾಣುವುದು, ನಿಮಗೆ ಮೊದಲು ಕಂಡದ್ದು ರೆಕ್ಕೆ. ಪ್ರವಾದಿಗಳ ಚಿತ್ರ ಬರೆಯುವುದು ನಮ್ಮಲ್ಲಿ ಸಲ್ಲದು. ಮುಖ ತೋರಿಸದೆ ಬಿಟ್ಟದ್ದು ನನಗಂತೂ ಒಳ್ಳೆಯದೇ ಆಯಿತು.

---

ಧಾರವಾಡಪೇಡೆ

ಇವತ್ತ ಚಾಷ್ಟಿ ಮಾಡಂಗಿಲ್ಲ ನಾ. ನಮ್ಮ ಸಿರಿಯಾಳನ ಮನಿಗೂ ದೇವರು ಜಂಗಮನಾಗಿ ಊಟಕ್ಕ ಬಂದು ಮಗನ್ನ ಕೇಳಿದ್ದ. ಊಟಕ್ಕ ಬಂದ ದೇವರು ಮಗನ ಸುದ್ದಿ ತಗದ್ರ ಹುಷಾರಾಗಿರಬೇಕ್ರಿ.

---

ನಿರ್ವಾಹಕ

ಸಿರಿಯಾಳನ ಬಗ್ಗೆ ಬಂದ ಹನ್ನೊಂದು ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ನೈಟ್ರಿಕ್ ಆಮ್ಲವೋ ಫೆರಿಕ್ ಕ್ಲೋರೈಡೋ ಎಂಬ ಜಗಳವೂ ಅಲ್ಲೇ ಪಕ್ಕದಲ್ಲಿದೆ. ಇಲ್ಲಿ ಚಿತ್ರದ ಬಗ್ಗೆ ಮಾತ್ರ.

---

ಹೊಳೆದಂಡೆ

ಚಿತ್ರದ ಬಗ್ಗೆಯೇ. ಕೆಲವು ವರ್ಷದ ಹಿಂದೆ ಇಲ್ಲಿನ ಒಂದು ಮುದ್ರಣ ಸಂಗ್ರಹದಲ್ಲಿ ಇದರ ಪ್ರತಿ ಕೇಳಿ ನೋಡಿದ್ದೆ. ಪೆನ್ನು ಹೊರಗಿಡಿಸಿ ಪೆನ್ಸಿಲು ಕೊಟ್ಟರು, ಕೈ ತೊಳೆಸಿದರು. ಒಬ್ಬಾಕೆ ಡಬ್ಬಿ ತಂದು, ಮುಚ್ಚಳ ತೆಗೆದು, ರಟ್ಟಿನ ಚೌಕಟ್ಟಿನ ಸಮೇತ ಮುಂದಿಟ್ಟು ಹೋದರು. ಗಾಜು ಇಲ್ಲ. ಮೊದಲು ಅನಿಸಿದ್ದು: ಇಷ್ಟೇನಾ? ಪೋಸ್ಟ್‌ಕಾರ್ಡಿನಷ್ಟು. ಕಾಗದ ಜೇನು ಬಣ್ಣಕ್ಕೆ ತಿರುಗಿದ ಜಪಾನಿ ಕಾಗದ, ಕಂಪನಿಯ ಹಡಗಿನಲ್ಲಿ ಬರುತ್ತಿದ್ದದ್ದು. ರೆಂಬ್ರಾಂಟ್ 1640ರ ದಶಕದ ಕೊನೆಯಿಂದ ಅದಕ್ಕೆ ಮರುಳಾಗಿದ್ದ. ಮೃದುವಾದ ಕಾಗದ, ಡ್ರೈಪಾಯಿಂಟಿನ ಸಿಬರನ್ನು ಜಜ್ಜುವುದಿಲ್ಲ. ಭೂತಗನ್ನಡಿ ಹಿಡಿದು ಸಾರಳ ಮುಖ ಹುಡುಕಿದೆ. ಹತ್ತಿರ ಹೋದಷ್ಟೂ ಮುಖ ಇಲ್ಲ, ಬರೀ ಅಡ್ಡ ಗೆರೆ, ಓರೆ ಗೆರೆ. ಕನ್ನಡಿ ತೆಗೆದು ಒಂದು ಮೊಳ ಹಿಂದೆ ಸರಿದರೆ ಮತ್ತೆ ಬಾಗಿಲ ಹಿಂದೆ ನಿಂತಿದ್ದಾಳೆ. ಮೂರು ಸಲ ಮಾಡಿದೆ. ಆಕೆ ದೂರದಿಂದ ನೋಡಿ ನಕ್ಕರು.

ಇನ್ನು ತಗಡಿನ ಕತೆ. ಅವನ ತಾಮ್ರದ ತಗಡುಗಳಲ್ಲಿ ಸುಮಾರು 80 ಇವತ್ತಿಗೂ ಇವೆ. ಬಹಳಷ್ಟನ್ನು ವ್ಯಾಪಾರಿಗಳು ಕೈಯಿಂದ ಕೈಗೆ ಕೊಂಡು, ಸವೆದ ಗೆರೆಗಳನ್ನು ಮತ್ತೆ ಕೊರೆಸಿ, ಶತಮಾನಗಟ್ಟಲೆ ಹಿಂಡಿದರು. "ನೂರು ಗಿಲ್ಡರ್ ಚಿತ್ರ" ಅಂತ ಹೆಸರಾದದ್ದರ ತಗಡನ್ನು 18ನೇ ಶತಮಾನದಲ್ಲಿ ಕ್ಯಾಪ್ಟನ್ ಬೇಯ್ಲಿ ಅನ್ನುವ ಮಹಾನುಭಾವ ತಿದ್ದಿ, ಸಾಲದು ಅಂತ ನಾಲ್ಕು ತುಂಡು ಮಾಡಿ, ಬಿಡಿಬಿಡಿಯಾಗಿ ಅಚ್ಚು ಹಾಕಿಸಿದ. ನಮ್ಮ ಅಬ್ರಹಾಮನ ತಗಡು ಬಚಾವಾಯಿತು. ಹೇಗೆ ಗೊತ್ತಾ? ಯಾರೋ ಅದರ ಹಿಂಬದಿಯಲ್ಲಿ ಎಣ್ಣೆಬಣ್ಣದಲ್ಲಿ ಒಂದು ಭೂದೃಶ್ಯ ಬರೆದುಬಿಟ್ಟರು. ಆಗ ತಾಮ್ರದ ಮೇಲೆ ಎಣ್ಣೆಚಿತ್ರ ಬರೆಯುವುದು ಮಾಮೂಲು, ತಗಡು ತಗಡೇ ಅಲ್ಲವೇ. ಹಾಗಾಗಿ ಅದು ಮುದ್ರಣಗಾರರ ಕೈಗೆ ಹೋಗದೆ ಚಿತ್ರವಾಗಿ ಗೋಡೆಗೆ ಹೋಯಿತು, ರೆಂಬ್ರಾಂಟ್ ಗೋಡೆ ಕಡೆ ಮುಖ ಮಾಡಿಕೊಂಡು ಉಳಿದ. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

---

ಮಸಿಕೈ

ಹೊಟ್ಟೆಕಿಚ್ಚಾಗುತ್ತಿದೆ. ಜಪಾನಿ ಕಾಗದ ಕೈಯಲ್ಲಿ ಹಿಡಿದಿರಾ? ಬೇಡ, ಹೇಳಬೇಡಿ.

---

ಗೋಡೆಗಡಿಯಾರ, ಶನಿವಾರ ರಾತ್ರಿ

ಎಲ್ಲರಿಗೂ ಇದನ್ನು ಹೇಳಲೇಬೇಕು. ಮಸಿಕೈ ಅವರು ಹೇಳಿದ ಹಾಗೆ ಇವತ್ತು ಫ್ರೇಮಿನ ಹಿಂದಿನ ಕಂದು ಕಾಗದ ಬಿಚ್ಚಿದೆ. ರಟ್ಟು ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಳಗೆ ಸಣ್ಣ ರಸೀದಿ, ಮಸಿ ಹಾರಿ ಬರೀ ಮಾಸಲು ಕಾಗದ. ಅದರ ಹಿಂದೆ ಮಾವನ ಕೈಬರಹ, ಪೆನ್ಸಿಲಿನಲ್ಲಿ: "ಬಾಗಿಲ ಹಿಂದೆ ನಿಂತವಳು ಥೇಟ್ ಅಕ್ಕ."

ಅಕ್ಕ ಅಂದರೆ ನಮ್ಮಮ್ಮ.

ಮಾವ ಮದುವೆಯಾಗದೆ ಉಳಿದವರು. ಮನೆಗೆ ಯಾರೇ ಬರಲಿ, ಹೆಣ್ಣು ತೋರಿಸುವವರು, ಸಾಲ ಕೇಳುವವರು, ಎಲ್ಲರೂ ಕೂರುತ್ತಿದ್ದದ್ದು ಜಗಲಿಯ ಚಾಪೆ ಮೇಲೆ. ಅಮ್ಮ ನಡುಮನೆ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡು, ಆಮೇಲೆ ಕಾಫಿ ತರುತ್ತಿದ್ದರು. ಇದು ನನಗೂ ಚೆನ್ನಾಗಿ ನೆನಪಿದೆ. ಏಳು ಸಾವಿರ ಕಿಲೋಮೀಟರಿನಾಚೆ ಅಂಗಡಿಯಲ್ಲಿ ನಿಂತು ಮಾವನಿಗೆ ಅದು ಕಂಡಿದೆ. ತಂದು ತೋರಿಸುವ ಧೈರ್ಯ ಮಾತ್ರ ಆಗಿಲ್ಲ.

ಚೀಟಿ ಓದಿ ಹೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು ಚಿತ್ರವನ್ನು ಕಿಟಕಿ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡರು. "ಯಾಕಮ್ಮಾ ನಗ್ತೀಯ?" ಅಂದೆ.

"ನಾನೆಲ್ಲೋ ನಕ್ಕೆ?" ಅಂದರು.

---

ಕಡಲತಡಿ

ದೇವರೇ.

---

ಧಾರವಾಡಪೇಡೆ

ಇಲ್ರಿ ಅಮ್ಮಾರ, ನಕ್ರಿ.